ಅಣ್ಣನ ಬಲತಿರುವು

ನಮ್ಮಣ್ಣ ತೀರಿಕೊಂಡ ಮೇಲೆ ಅವನ ಕಾರ್ಖಾನೆಯವರು ಒಂದು ವ್ಯಾನು ಮಾಡಿಕೊಂಡು ಮನೆಗೆ ಬಂದಿದ್ದರು. ಚಾಪೆಯ ಮೇಲೆ ಸಾಲಾಗಿ ಕೂತು ಒಂದೇ ಮಾತನ್ನು ಒಬ್ಬರು ತೆಲುಗಿನಲ್ಲಿ, ಒಬ್ಬರು ಹಿಂದಿಯಲ್ಲಿ ಹೇಳಿದರು. ಕೊನೆಗೆ ನಮ್ಮ ಕಡೆಯವರೊಬ್ಬರು ಕನ್ನಡದಲ್ಲಿ ಹೇಳಿದರು: “ಯಾರಿಗೂ ಒಂದು ಕೆಲಸಾ ಹೇಳಿದವರಲ್ಲ, ಒಂದಿನಾ ದನಿ ಏರಿಸಿದವರಲ್ಲ. ಅಂಥಾ ಮನಶ್ಯಾ ಸಿಗೂದಿಲ್ಲವ್ವಾ.”

ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಅಳು ಬಂದಿತ್ತು, ಅದರ ಹಿಂದೆಯೇ ನಗುವೂ ಬಂದಿತ್ತು. ಕೆಲಸ ಹೇಳುವ ಪ್ರಮೇಯ ಬಂದರೆ ತಾನೆ ಹೇಳುವುದು? ಅವನು ಬಾಯಿ ತೆರೆಯುವ ಮೊದಲೇ ನೀರಿನ ತಂಬಿಗೆ ಅವನ ಬಲಗೈ ಹತ್ತಿರ ಬಂದು ಕೂತಿರುತ್ತಿತ್ತು. ತಂಬಿಗೆಗಳು ಹುಟ್ಟುವುದೇ ಮನುಷ್ಯರ ಬಲಗೈ ಪಕ್ಕದಲ್ಲಿ ಎಂದು ಅವನು ನಂಬಿದ್ದ.

ನಾನು ಅವನ ತಂಗಿ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಬಂದವರೆಲ್ಲ ಅವನನ್ನು ದೇವರ ಪಟ ಮಾಡಿ ಗೋಡೆಗೆ ತೂಗುಹಾಕಿ ಹೋದರು. ಅವನು ಹೇಗಿದ್ದ ಎಂದು ಸರಿಯಾಗಿ ಹೇಳಬಲ್ಲವಳು ಇನ್ನು ನಾನೊಬ್ಬಳೇ. ಅವನು ಹಾಗೆಯೇ ಉಳಿಯುವಂತೆ ಮಾಡಿದವಳೂ ನಾನೇ. ಅದಕ್ಕೆ ಬರೆಯುತ್ತಿದ್ದೇನೆ.

ಕಾರ್ಖಾನೆಯಲ್ಲಿ ಅವನದು ತಯಾರಾದ ಬಿಡಿಭಾಗಗಳನ್ನು ಅಳೆದು ನೋಡುವ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಕೆಂಪು ಬಣ್ಣ ಹಚ್ಚಿ ವಾಪಸು ಕಳಿಸುತ್ತಿದ್ದನಂತೆ. ಅವನನ್ನು ಕಂಡರೆ ಯಂತ್ರದವರೆಲ್ಲ ಹೆದರುತ್ತಿದ್ದರಂತೆ. ಅದೇ ಮಹಾಶಯ ಮನೆಯಲ್ಲಿ ಬನಿಯನ್ನು ತಿರುವುಮುರುವು ಹಾಕಿಕೊಂಡು ಹೈದರಾಬಾದಿನ ನಮ್ಮ ಮೂಸಾಪೇಟ್ ಬಜಾರು ಸುತ್ತಿ ಬರುತ್ತಿದ್ದ. ಹೇಳಿದರೆ, “ಒಳಗಿನದು ಯಾರಿಗೆ ಕಾಣತೈತಿ?” ಅನ್ನುತ್ತಿದ್ದ. ಅಂಗಿ ಹಾಕಿರುತ್ತಿರಲಿಲ್ಲ.

ಒಮ್ಮೆ ನಾನು ನೆಂಟರ ಮದುವೆಗೆಂದು ವಿಜಯಪುರಕ್ಕೆ ಹೋಗಿದ್ದೆ. ಮರುದಿನವೇ ಫೋನು ಬಂತು.

“ತಂಗೆವ್ವಾ, ನಮ್ಮ ಮನ್ಯಾಗ ಉಪ್ಪು ಐತೇನು?”

“ಐತಣ್ಣಾ.”

“ಎಲ್ಲಿರತೈತಿ?”

“ಒಲಿ ಮಗ್ಗಲದಾಗ, ಬಿಳೀ ಡಬ್ಬ್ಯಾಗ.”

ಒಲೆ ಎಲ್ಲಿರುತ್ತದೆ ಎಂದು ಕೇಳುತ್ತಾನೇನೋ ಎಂದು ಕಾದೆ. ಕೇಳಲಿಲ್ಲ, ಅಷ್ಟು ಪುಣ್ಯ. ನಾನು ವಾಪಸು ಬರುವವರೆಗೆ ಬಾಳೆಹಣ್ಣು ತಿಂದುಕೊಂಡಿದ್ದ.

ಅವನ ಬಾಯಲ್ಲಿ ಒಂದು ಮಾತಿತ್ತು: “ತಾನ ಆಗತೈತಿ ಬಿಡು.” ನಲ್ಲಿ ಸೋರಿದರೆ ತಾನೇ ನಿಲ್ಲುತ್ತದೆ. ಸ್ಕೂಟರು ನಿಂತರೆ ತಾನೇ ಹೊರಡುತ್ತದೆ. ಸೋರುವುದು ನಿಂತಾಗ, ಸ್ಕೂಟರು ಹೊರಟಾಗ ನನ್ನ ಕಡೆ ತಿರುಗಿ, “ಅಂದೆನಿಲ್ಲೋ?” ಎಂದು ಹುಬ್ಬು ಏರಿಸುತ್ತಿದ್ದ. ನಡುವೆ ನಾನು ಕೊಳಾಯಿಯವನನ್ನು ಕರೆಸಿ, ಮೆಕ್ಯಾನಿಕನಿಗೆ ಚಹಾ ಕುಡಿಸಿ ಕಳಿಸಿದ್ದು ಅವನ ಲೆಕ್ಕಕ್ಕೆ ಬರುತ್ತಿರಲಿಲ್ಲ. ಬರದ ಹಾಗೆ ನೋಡಿಕೊಂಡವಳೂ ನಾನೇ.

ಅವನನ್ನು ಆಡಿಕೊಳ್ಳುವ ಹಕ್ಕು ನನಗೆ ಎಲ್ಲಿಂದ ಬಂತು ಎಂದರೆ, ಅವನ ಅನ್ನ ಉಂಡು ಬಂತು. ಮದುವೆಯಾದ ಮರುವರ್ಷ ನಾಗರಪಂಚಮಿಗೆ ನನ್ನನ್ನು ತವರಿಗೆ ಕರೆಯಲು ಬಂದ. ಅಷ್ಟೊತ್ತಿಗೆ ನನ್ನ ಗಂಡ ಬೇರೊಬ್ಬಳ ಜೊತೆ ಮನೆ ಮಾಡಿಕೊಂಡಿದ್ದ. ಅತ್ತೆ ಪಡಸಾಲೆಯಲ್ಲಿ ಕೂತು, “ಕರಕೊಂಡು ಹೋಗ್ರಿ, ಮುಂದಿಂದು ಮುಂದ” ಅಂದಳು. ಅಣ್ಣ ಒಂದು ಪ್ರಶ್ನೆ ಕೇಳದೆ ನನ್ನ ಟ್ರಂಕನ್ನು ಹೆಗಲ ಮೇಲಿಟ್ಟುಕೊಂಡ. ಹಬ್ಬದ ಜೋಕಾಲಿ ಬಿಚ್ಚಿದ ಮೇಲೂ ವಾಪಸು ಬಿಡುವ ಮಾತೆತ್ತಲಿಲ್ಲ. ತನ್ನ ಜೊತೆ ಹೈದರಾಬಾದಿಗೆ ಕರೆತಂದ. ಪಂಚಮಿಗೆ ಬಂದ ತಂಗಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಪಂಚಮಿ ಮಾಡಿದಳು. ಆ ವರ್ಷ ಅವನಿಗೊಂದು ಹೆಣ್ಣು ಗೊತ್ತಾಗಿತ್ತಂತೆ. ಗಂಡ ಬಿಟ್ಟ ತಂಗಿ ಮನೆಯಲ್ಲಿರಬಾರದು ಎಂದು ಹೆಣ್ಣಿನ ಕಡೆಯವರು ಹೇಳಿದ್ದಕ್ಕೆ ಇವನೇ ಬೇಡವೆಂದನಂತೆ. ಇದನ್ನು ಅವನು ಒಮ್ಮೆಯೂ ನನಗೆ ಹೇಳಲಿಲ್ಲ. ಸೋದರತ್ತೆ ಹೇಳಿದಳು, ಹೇಳಿ ನನ್ನ ಮುಖ ನೋಡಿದಳು.

ಅಂಥವನಿಗೆ ಏಳನೆಯ ಇಯತ್ತೆಯವಳು ಏನು ಕೊಡಬಲ್ಲಳು? ತಂಬಿಗೆ ಕೊಟ್ಟೆ. ಬಾಗಿಲಲ್ಲಿ ಚಪ್ಪಲಿಯ ಸಪ್ಪಳ ಕೇಳಿದರೆ ಹಸಿವೋ ತಲೆನೋವೋ ತಿಳಿಯುವಷ್ಟು ಕಲಿತೆ. ಅವನ ಮೈ ಒಂದು ಕಡೆ ವಾಲುವ ಮೊದಲು ನಾನು ಅಲ್ಲಿರುತ್ತಿದ್ದೆ. ಜನ ಇದನ್ನು ಸೇವೆ ಅನ್ನುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ನಿವೃತ್ತಿಗೆ ಇನ್ನು ನಾಲ್ಕೈದು ವರ್ಷ ಇರುವಾಗ ಅಣ್ಣನಿಗೆ ರಕ್ತದೊತ್ತಡ ಶುರುವಾಯಿತು. ಕಾರ್ಖಾನೆಯ ಆಸ್ಪತ್ರೆಯಲ್ಲಿ ತಿಂಗಳ ಗುಳಿಗೆ ಒಮ್ಮೆಲೇ ಕೊಡುತ್ತಿದ್ದರು. ನಮ್ಮಣ್ಣ ವಾರಕ್ಕೊಮ್ಮೆ ತರತೊಡಗಿದ. ಬರಬರುತ್ತಾ ದಿನ ಬಿಟ್ಟು ದಿನ ಹೋಗತೊಡಗಿದ. ಗುಳಿಗೆ ಕೊಡುವ ಕಿಟಕಿಯಲ್ಲಿ ಮಂಗಳೂರು ಕಡೆಯ ಕ್ರಿಶ್ಚಿಯನ್ ಹೆಂಗಸು ಕೂರುತ್ತಿದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಒಬ್ಬಳೇ ಮಗಳು. ನಾನು ಮನಸ್ಸಿನಲ್ಲೇ ಅವರಿಗೆ ಗುಳಿಗೆಬಾಯಿ ಎಂದು ಹೆಸರಿಟ್ಟೆ. ಬನಿಯನು ಸರಿಯಾಗಿ ಹಾಕಿಕೊಂಡು ಹೋಗಲು ಶುರುಮಾಡಿದಾಗಲೇ ಅಣ್ಣನ ರೋಗ ಯಾವುದೆಂದು ನನಗೆ ತಿಳಿಯಿತು.

ಒಂದು ದಿನ ಊಟಕ್ಕೆ ಕೂತವನು ರೊಟ್ಟಿ ಮುರಿಯುತ್ತಾ ನೆಲ ನೋಡಿಕೊಂಡು ಹೇಳಿದ: “ಆಕಿ ಮಗಳ ಲಗ್ನ ಐತಿ, ಸಿಕಂದರಾಬಾದಿನ್ಯಾಗ. ಅವರ ಲಗ್ನದಾಗ ಮದಲ ಮದಮಗ ಮದಮಗಳು ಕುಣೀತಾರಂತ, ಆಮ್ಯಾಲ ತಾಯಿ ತಂದಿ. ತಂದಿ ಇಲ್ಲಲ್ಲ. ನನ್ನ ಕರದಾಳ.”

“ನೋಡಾಕ?”

“ಕುಣಿಯಾಕ.”

ನಾನು ಪಲ್ಯ ಬಡಿಸಿದೆ.

“ಅದೊಂದು ವಾಲ್ಟ್ಸ್ ಅಂತ, ಜೋಡಿ ಕುಣಿಯೂದು. ಅದಾತಂದ್ರ ನಾವಿಬ್ರೂ ಕೂಡತೀವಂತ ಆಕಿ ಮಂದಿಗೆ ಬ್ಯಾರೆ ಹೇಳೂದು ಬ್ಯಾಡ, ತಾವ ತಿಳಕೋತಾರ, ಅಂತಾಳ. ನೀ ಏನೂ ಚಿಂತಿ ಮಾಡಬ್ಯಾಡ ತಂಗೆವ್ವಾ. ಆಕಿ ಬಂದ ಮ್ಯಾಲ ನೀನೂ ಇರತಿ.”

ನೀನೂ ಇರತಿ. ನಾನು ಕಟ್ಟಿದ ಮನೆಯಲ್ಲಿ, ನಾನು ತುಂಬಿದ ಡಬ್ಬಿಗಳ ನಡುವೆ ನಾನೂ ಇರಬಹುದು! ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಆದರೆ ಆ ರಾತ್ರಿ ನನ್ನ ಪಾಲಿನ ರೊಟ್ಟಿಯನ್ನು ಬುಟ್ಟಿಗೇ ವಾಪಸು ಹಾಕಿದೆ.

ಕುಣಿತ ಕಲಿಸುವವರು ಅಮೀರ್‌ಪೇಟ್‌ನಲ್ಲಿದ್ದರು. ಕಂಪ್ಯೂಟರ್ ಕೋಚಿಂಗಿನ ಬೋರ್ಡುಗಳಲ್ಲಿ ಗೋಡೆಯೇ ಕಾಣದಂಥ ಕಟ್ಟಡ. ಜೋಡಿ ಇಲ್ಲದೆ ಕಲಿಯಲು ಬರುವುದಿಲ್ಲ ಎಂದಿದ್ದರಿಂದ ಅಣ್ಣ ನನ್ನನ್ನೂ ಕರೆದೊಯ್ದ. ಮೆಟ್ಟಿಲ ಮೇಲೆ ಬೆನ್ನಚೀಲದ ಹುಡುಗರ ಸಾಲು. ಅವರಲ್ಲೊಬ್ಬ ನಮ್ಮನ್ನು ನೋಡಿ ದಾರಿ ಬಿಟ್ಟು, “ಪೈಥಾನಾ ಆಂಟೀ? ಮೂಡೋ ಫ್ಲೋರ್” ಎಂದು ಮೂರನೆಯ ಮಹಡಿ ತೋರಿಸಿದ. ಅಣ್ಣ ಗಂಭೀರವಾಗಿ, “ಕಾದು, ವಾಲ್ಟ್ಸ್” ಎಂದು ತೆಲುಗಿನಲ್ಲೇ ಅಲ್ಲಗಳೆದ. ಹುಡುಗ ಅದೂ ಒಂದು ಕಂಪ್ಯೂಟರ್ ಭಾಷೆ ಎಂದುಕೊಂಡಿರಬೇಕು, ತಲೆಯಾಡಿಸಿದ.

ಮಾಸ್ತರರು ಸಿಕಂದರಾಬಾದಿನ ಹಳೆಯ ಮನುಷ್ಯ. ಕೂದಲಿಗೆ ಕಪ್ಪು ಬಣ್ಣ, ಕಾಲಿಗೆ ಕನ್ನಡಿಯಂಥ ಬೂಟು, ನಡುವೆ ಒಂದು ಹೊಟ್ಟೆ. ಹಾಡು ಹಾಕುವುದು ಅವರ ಹೆಂಡತಿಯ ಕೆಲಸ. ಆಕೆ ಮೂಲೆಯ ಕುರ್ಚಿಯಲ್ಲಿ ಕಲ್ಲಿನ ಹಾಗೆ ಕೂತಿರುತ್ತಿದ್ದಳು. ಕೆಳಗಿನ ಅಂಗಡಿಯ ಮಿರ್ಚಿಭಜಿಯ ಎಣ್ಣೆ ವಾಸನೆ ಕೋಣೆ ತುಂಬ. ಅದರಲ್ಲಿ ಅಣ್ಣನ ವಿಲಾಯಿತಿ ಕುಣಿತ ಆರಂಭವಾಯಿತು.

ಮೊದಲ ದಿನವೇ ತಕರಾರು. ಈ ಕುಣಿತದಲ್ಲಿ ಎಲ್ಲ ಜೋಡಿಗಳೂ ಕೋಣೆಯನ್ನು ಎಡಸುತ್ತಾಗಿ ಸುತ್ತಬೇಕು. ನಮ್ಮಣ್ಣ ನಿಂತುಬಿಟ್ಟ. “ಎಡಕ್ಕ ಸುತ್ತೂದು ಸ್ಮಶಾನದಾಗ. ಶುಭಕಾರ್ಯಕ್ಕ ಕಲಿಯಾಕ ಬಂದೀವಿ ನಾವು” ಎಂದು ತನ್ನ ಹರಕು ಹಿಂದಿಯಲ್ಲಿ ವಾದಿಸಿದ. ಐಟಿಯ ಹುಡುಗ ಹುಡುಗಿಯರು ಎಡಕ್ಕೆ ಸುತ್ತುತ್ತಿದ್ದರು, ಇವನು ನನ್ನನ್ನು ಎಳೆದುಕೊಂಡು ಬಲಕ್ಕೆ ಹೊರಟು ಎರಡು ಜೋಡಿಗೆ ಡಿಕ್ಕಿ ಹೊಡೆದ. ಮಾಸ್ತರರು ಹಣೆ ಒರೆಸಿಕೊಂಡು, “ಸಾಬ್, ಕೋಣೆಯನ್ನು ಎಡಕ್ಕೆ ಸುತ್ತಿದರೂ ನೀವು ನಿಮ್ಮ ಜಾಗದಲ್ಲಿ ಬಲಕ್ಕೇ ತಿರುಗುತ್ತೀರಲ್ಲ, ಲೆಕ್ಕ ಸರಿಹೋಯಿತು” ಎಂದು ಸಮಾಧಾನ ಹೇಳಿದರು. ಅಣ್ಣ ಬೆರಳಿನಲ್ಲಿ ಗಾಳಿಯ ಮೇಲೆ ಗೀಚಿ, ಅಳೆದು ನೋಡಿ, ಪಾಸು ಮಾಡಿದ.

ಅವರು ಕಲಿಸಿದ್ದು ಒಂದೇ ತಿರುವು. ಮದುವೆಯ ಮಟ್ಟಿಗೆ ಈ ಬಲತಿರುವು ಬಂದರೆ ಸಾಕು ಎಂದಿದ್ದರು. ಗಂಡಸು ಬಲಗಾಲು ಮುಂದಿಟ್ಟು ಎದೆಯನ್ನು ಬಲಕ್ಕೆ ತಿರುಗಿಸಬೇಕು. ಎಡಗಾಲು ಬದಿಗೆ ಬಂದು, ಬಲಗಾಲು ಅದನ್ನು ಕೂಡಬೇಕು. ಆಮೇಲೆ ಹಿಮ್ಮುಖವಾಗಿ ಹಾಗೇ ಇನ್ನರ್ಧ. ಹೆಂಗಸು ತಾನಾಗಿ ಏನೂ ಮಾಡಬಾರದು. ಗಂಡಸಿನ ಎದೆ ತಿರುಗಿದ್ದು ಅವಳ ಮೈಗೆ ತಿಳಿದ ಮೇಲೆಯೇ ಅವಳ ಕಾಲು ಏಳಬೇಕು. “ಕಾಯಬೇಕು, ಅಮ್ಮಾ, ಕಾಯಬೇಕು” ಎಂದು ಮಾಸ್ತರರು ನನಗೆ ಮತ್ತೆ ಮತ್ತೆ ಹೇಳುತ್ತಿದ್ದರು.

ನಮ್ಮಲ್ಲಿ ದೊಡ್ಡವರಾದ ಮೇಲೆ ಅಣ್ಣ ತಂಗಿ ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ. ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿ ಒರೆಸಿ ನನ್ನ ಬೆನ್ನ ಮೇಲೆ ಇಟ್ಟ. ನನಗೆ ಕರುಣೆ ಬಂತು. ಅವನು ಬಲಗಾಲು ಎತ್ತಲೋ ಬೇಡವೋ ಎಂದು ಯೋಚಿಸುವುದು ನನಗೆ ಅವನ ಉಸಿರಿನಲ್ಲೇ ತಿಳಿಯಿತು. ಇಷ್ಟು ವರ್ಷದ ರೂಢಿ. ಅವನು ತಿರುಗುವ ಮೊದಲೇ ನಾನು ತಿರುಗಿದೆ. ನನ್ನ ಜೊತೆ ಅವನೂ ತಿರುಗಿದ. ಹಾಡು ಮುಗಿದಾಗ ಅವನ ಮುಖ ಹಬ್ಬದ ಹಾಗಿತ್ತು.

“ತಾನ ಆಗಾಕತ್ತೈತಿ ನೋಡು!”

ಕೆಲವು ದಿನಗಳಲ್ಲಿ ನಾವು ಆ ಕೋಣೆಯಲ್ಲೇ ಚೆಂದ ಕುಣಿಯುವವರಾದೆವು. ಹುಡುಗಿಯರು ನಿಂತು ನೋಡುತ್ತಿದ್ದರು. ನನಗೂ ಹಿಗ್ಗು. ಸೀರೆ ಸೆಕ್ಕಿಕೊಂಡು ಬರಿಗಾಲಲ್ಲಿ ತಿರುಗುವಾಗ ನಾನು ಯಾರ ಮನೆಯಲ್ಲೂ ಇರುವವಳಲ್ಲ, ಯಾರೂ ಬಿಟ್ಟವಳೂ ಅಲ್ಲ ಅನ್ನಿಸುತ್ತಿತ್ತು.

ಒಂದು ಸಂಜೆ ಅಣ್ಣ ಕೆಳಗೆ ಭಜಿ ಕಟ್ಟಿಸಲು ಹೋದಾಗ ಮಾಸ್ತರರು ನನ್ನ ಹತ್ತಿರ ಬಂದರು. “ಅಮ್ಮಾ, ಉನೋ ಆಪ್ಕು ನಹೀ ಘುಮಾರೈಂ, ಆಪ್ ಉನ್ಕು ಘುಮಾರೈಂ” ಅಂದರು. ಅಂದರೆ, ಅವರು ನಿಮ್ಮನ್ನು ತಿರುಗಿಸುತ್ತಿಲ್ಲ, ನೀವು ಅವರನ್ನು ತಿರುಗಿಸುತ್ತಿದ್ದೀರಿ. ಸಾಹೇಬರಿಗೆ ಏನೂ ಬಂದಿಲ್ಲ, ಬಂದಿದೆ ಎಂದುಕೊಂಡಿದ್ದಾರೆ. ಸೋಮವಾರದಿಂದ ನನ್ನ ಹೆಂಡತಿಯ ಜೊತೆ ಹಾಕುತ್ತೇನೆ, ಅವಳು ಯಾರಿಗೂ ಸುಮ್ಮನೆ ಅಲ್ಲಾಡುವವಳಲ್ಲ. ಎರಡು ವಾರ ಒದ್ದಾಡಲಿ, ಕಲಿಯುತ್ತಾರೆ. ನಾಲ್ಕು ಜನರ ಮುಂದೆ ಅವರಿಗೆ ನಾನು ಹೇಳುವುದು ಚೆನ್ನಲ್ಲ, ಮನೆಯಲ್ಲಿ ನೀವೇ ಮೆತ್ತಗೆ ಹೇಳಿ ಎಂದರು.

ಮೆಟ್ಟಿಲಿಳಿದು ಬಂದೆ. ಅಣ್ಣ ಬಿಸಿ ಪೊಟ್ಟಣ ಹಿಡಿದು ನಿಂತಿದ್ದ. “ಏನಂದ್ರು ಮಾಸ್ತರು?”

“ಸಾಕಂತ. ನಿಮ್ಮಣ್ಣಗ ಪೂರಾ ಬಂದೈತಿ, ಇನ್ನ ಬರೂದು ಬ್ಯಾಡ, ಮನ್ಯಾಗ ರೂಢಿ ಮಾಡಸ್ರಿ ಅಂದ್ರು” ಅಂದೆ.

ಯೋಚಿಸಿ ಆಡಿದ ಸುಳ್ಳಲ್ಲ ಎಂದು ಬರೆಯಬೇಕೆಂದಿದ್ದೆ. ಅದು ಸುಳ್ಳಾಗುತ್ತದೆ. ಮೆಟ್ಟಿಲ ಅರ್ಧದಲ್ಲಿ ನಿಂತು ಯೋಚಿಸಿಯೇ ಇಳಿದಿದ್ದೆ.

ಆಮೇಲೆ ದಿನಾ ಸಂಜೆ ಕುರ್ಚಿಗಳನ್ನು ಗೋಡೆಗೆ ಸರಿಸಿ, ಮೊಬೈಲಿನಲ್ಲಿ ಹಾಡು ಹಾಕಿ ತಿರುಗಿದ್ದೇ ತಿರುಗಿದ್ದು. ಕೆಳಮನೆಯ ತೆಲುಗಿನಾಕೆ ಒಂದು ದಿನ ಬಂದು, “ಮಿಕ್ಸಿ ಪಾಡೈಂದಾ ಅಕ್ಕಾ?” ಎಂದು ಕೇಳಿದಳು. ಮಿಕ್ಸಿ ಕೆಟ್ಟಿತೆಂದು ನಾವು ಕಲ್ಲಿನಲ್ಲಿ ಏನನ್ನೋ ಕುಟ್ಟುತ್ತಿದ್ದೇವೆ ಎಂದುಕೊಂಡಿದ್ದಳು. ಅಣ್ಣನ ಹೊಸ ಬೂಟಿನ ಪ್ರತಾಪ. ಅವನ ಜಂಬ ಎಷ್ಟು ಏರಿತೆಂದರೆ, ನನ್ನ ತಪ್ಪು ತಿದ್ದತೊಡಗಿದ. “ನೀ ಮೈ ಹಗುರ ಬಿಡು. ನಾ ತಿರಗಸ್ತೀನಿ” ಅನ್ನುತ್ತಿದ್ದ. ನಾನು ಹಗುರ ಬಿಟ್ಟಂತೆ ಮಾಡಿ ಅವನನ್ನು ಎತ್ತಿ ತಿರುಗಿಸುತ್ತಿದ್ದೆ.

ಮದುವೆಯ ಸಂಜೆ ಗುಳಿಗೆಬಾಯಿ ನೀಲಿ ರೇಷ್ಮೆ ಸೀರೆಯಲ್ಲಿದ್ದರು. ನನ್ನ ಎರಡೂ ಕೈ ಹಿಡಿದುಕೊಂಡು, “ಬಂದ್ರಲ್ಲ, ನಂಗೆ ಖುಷಿ ಆಯ್ತು. ಇವರು ನಿಮ್ಮದೇ ಹೇಳ್ತಾ ಇರ್ತಾರೆ ಮಾರಾಯ್ರೆ” ಅಂದರು. ಅವರನ್ನು ಬೈಯಲು ಒಂದು ಕಾರಣ ಸಿಗಲಿ ಎಂದು ನಾನು ನಖಶಿಖಾಂತ ನೋಡಿದೆ. ಸಿಗಲಿಲ್ಲ. ಅದಕ್ಕೂ ಸಿಟ್ಟು ಬಂತು.

ಮದುಮಕ್ಕಳು ಕುಣಿದಾದ ಮೇಲೆ ಬ್ಯಾಂಡಿನವನು ಮೈಕಿನಲ್ಲಿ ಹುಡುಗಿಯ ತಾಯಿಯನ್ನು ಕರೆದ. ಅಣ್ಣ ಕೋಟು ಎಳೆದುಕೊಂಡು ಎದ್ದ. ಆಕೆಯ ಅಣ್ಣತಮ್ಮಂದಿರು, ಊರಿನಿಂದ ಬಂದ ಹಿರಿಯರು, ಎಲ್ಲರೂ ಕತ್ತು ಮುಂದೆ ಮಾಡಿ ನೋಡಿದರು. ಯಾರು ಇವರು ಎಂದು ಪಕ್ಕದವರನ್ನು ಕೇಳಿ, ಉತ್ತರ ಕೇಳಿ, ಹೌದಾ ಎಂದು ನಕ್ಕರು. ಕೆಟ್ಟ ನಗುವಲ್ಲ. ಅವರು ಒಪ್ಪಲು ತಯಾರಾಗಿಯೇ ಬಂದಿದ್ದರು.

ಅಣ್ಣ ಹಿಡಿಯುವುದನ್ನು ಚೆನ್ನಾಗಿ ಹಿಡಿದ. ಹಾಡು ಶುರುವಾಯಿತು. ಆಕೆ ಕಾದರು. ಅವನೂ ಕಾದ. ಸುತ್ತ ಬೇರೆ ಜೋಡಿಗಳು ಬಂದು ಸೇರಿ ತಿರುಗತೊಡಗಿದವು; ನಡುವೆ ಇವರಿಬ್ಬರು ಬಸ್ಸು ತಪ್ಪಿದವರ ಹಾಗೆ ನಿಂತಿದ್ದರು. ಅಣ್ಣನ ಮುಖದಲ್ಲಿ ನಗುವಿತ್ತು. ಈಗ ಆಗುತ್ತದೆ, ತಾನೇ ಆಗುತ್ತದೆ ಎಂಬ ನಗು. ಆಮೇಲೆ ಅದು ಸ್ವಲ್ಪ ಸ್ವಲ್ಪವೇ ಕೆಳಗಿಳಿಯಿತು. ಕೊನೆಗೆ ಆಕೆಯ ಭುಜ ಹಿಡಿದು, ಸ್ಕೂಟರು ತಳ್ಳುವ ಹಾಗೆ ತಳ್ಳಿದ. ಬೂಟು ನೀಲಿ ಸೀರೆಯ ನೆರಿಗೆಯ ಮೇಲೆ ಬಿತ್ತು. ಆಕೆ ಮುಗ್ಗರಿಸಿದರು. ಹಾಡನ್ನೂ ಮೀರಿ ಅವನ ದನಿ ಕೇಳಿಸಿತು: “ನಮ್ಮ ತಂಗಿ ಕೂಡ ಭಾಳ ಚಲೋ ಬರತೈತ್ರೀ!”

ಜನ ನಕ್ಕರು. ಆಕೆಯೂ ನಕ್ಕರು, ಒಳ್ಳೆಯ ನಗುವೇ. ಅವನ ಕೈ ಬಿಡದೆ ನನ್ನ ಕುರ್ಚಿಯವರೆಗೆ ಬಂದು, “ಹಾಗಾದ್ರೆ ನೀವೊಮ್ಮೆ ಇವರೊಟ್ಟಿಗೆ ಮಾಡಿ ತೋರಿಸಿ. ಎಲ್ಲಿ ತಪ್ಪುದು ಅಂತ ನಾನು ನೋಡ್ತೇನೆ. ಮತ್ತೆ ನಾವು ಮಾಡುವ, ಆಯ್ತಾ?” ಅಂದರು.

ಹೊಟ್ಟೆ ನೋವು ಎನ್ನಬಹುದಿತ್ತು. ಎದ್ದು ಹೋಗಿ ಕಂಬದ ಹಾಗೆ ನಿಲ್ಲಬಹುದಿತ್ತು. ನಾನು ಚಪ್ಪಲಿ ಬಿಟ್ಟು, ಸೆರಗು ಸೆಕ್ಕಿಕೊಂಡೆ. ಆ ಸಂಜೆ ನಾನು ಕುಣಿದ ಹಾಗೆ ಎಂದೂ ಕುಣಿದಿರಲಿಲ್ಲ. ಅಣ್ಣ ಗಾಳಿಪಟವಾದ. ಜನ ಬದಿಗೆ ಸರಿದು ಜಾಗ ಬಿಟ್ಟರು, ಚಪ್ಪಾಳೆ ತಟ್ಟಿದರು. ತಿರುಗುವಾಗ ಒಮ್ಮೊಮ್ಮೆ ಗುಳಿಗೆಬಾಯಿಯ ಮುಖ ಕಾಣುತ್ತಿತ್ತು. ಎಲ್ಲರೂ ಅಣ್ಣನನ್ನು ನೋಡುತ್ತಿದ್ದರು, ಆಕೆ ನನ್ನ ಕಾಲು ನೋಡುತ್ತಿದ್ದರು. ಸಣ್ಣಂದಿನಿಂದ ಕುಣಿದವರು; ಯಾರು ಯಾರನ್ನು ತಿರುಗಿಸುತ್ತಿದ್ದಾರೆಂದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ.

ಹಾಡು ನಿಂತ ಮೇಲೆ ನನ್ನ ಹತ್ತಿರ ಬಂದು, ನನಗಷ್ಟೇ ಕೇಳುವ ಹಾಗೆ ಅಂದರು: “ಎಷ್ಟು ಚಂದ ತಿರುಗಿಸಿದಿರಿ ಇವರನ್ನು. ಇವರು ಬರ್ತೇನೆ ಹೇಳಿದ್ರೂ ನೀವು ಬಿಡ್ಬೇಕಲ್ವಾ.” ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ. “ಊಟ ಮಾಡಿಯೇ ಹೋಗಿ” ಎಂದು ನನ್ನ ಭುಜ ತಟ್ಟಿ, ಅಣ್ಣನಿಗೆ, “ಸೋಮವಾರ ಆಸ್ಪತ್ರೆಗೆ ಬನ್ನಿ, ಮಾತಾಡುವ” ಎಂದು ಹೇಳಿ ನೆಂಟರ ಕಡೆ ಹೋದರು.

ಮೆಟ್ರೊದಲ್ಲಿ ಜನವೋ ಜನ. ಅಣ್ಣ ಮೇಲಿನ ಹಿಡಿಕೆಗೆ ಜೋತು ಬಿದ್ದು ತನ್ನ ಬೂಟನ್ನೇ ನೋಡುತ್ತಿದ್ದ. ಆಮೇಲೆ ಕೇಳಿದ: “ತಂಗೆವ್ವಾ, ಖರೇ ಹೇಳು. ಮಾಸ್ತರು ಖರೇನ ಸಾಕಂದಿದ್ರೇನು?”

ಅವನ ಕಣ್ಣು ನೋಡಿದೆ. ಅಲ್ಲ ಅನ್ನು, ನಿನಗೇ ಬಂದಿಲ್ಲ ಅನ್ನು, ನಾಳೆಯಿಂದ ಹೋಗಿ ಕಲಿಯುತ್ತೇನೆ ಎಂದು ಬೇಡುವ ಕಣ್ಣು. ಸೋಮವಾರಕ್ಕೆ ಇನ್ನೂ ಸಮಯವಿತ್ತು.

“ಅಂದಿದ್ರಣ್ಣಾ. ನಿಂದೇನೂ ತಪ್ಪಿಲ್ಲ. ಆಕಿಗೇ ಕುಣಿಯಾಕ ಬರಾಂಗಿಲ್ಲ.”

ಅವನು ಉಸಿರು ಬಿಟ್ಟ. ನಿರಾಳವೋ, ನಿರಾಸೆಯೋ, ನನಗೆ ಇವತ್ತಿಗೂ ಗೊತ್ತಿಲ್ಲ.

“ನನಗೂ ಹಂಗ ಅನಿಸ್ತು,” ಅಂದ. “ಪಾಪ, ತನ್ನ ಮಂದಿ ಮುಂದ ಮಾನ ಹೋತು ಆಕಿದು. ಈಗ ನಾ ಹೋಗಿ ಎದುರು ನಿಂತ್ರ ಮತ್ತ ಅದ ನೆನಪಾಗಿ ಮನಸಿಗೆ ಹಚ್ಚಕೊಂತಾಳ. ನಿನಗ ಬರಾಂಗಿಲ್ಲ ಅಂತ ಹೆಂಗ ಹೇಳೂದು? ಬ್ಯಾಡ. ಆ ಕಿಟಕಿ ಕಡೆ ನಾ ಹೋಗಾಂಗಿಲ್ಲ. ಗುಳಿಗಿ ಹೊರಗಿನ ಅಂಗಡ್ಯಾಗ ತಗೊಂಡರಾತು.”

ಸೋಮವಾರ ಆಕೆ ಕಾದಿರಬೇಕು. ಇವನು ತನ್ನ ಮುಖ ತೋರಿಸದೆ ಆಕೆಯ ಮಾನ ಕಾಪಾಡಿದ. ಆಮೇಲೆಯೂ ಕಾಪಾಡುತ್ತಲೇ ಇದ್ದ. ಇದೆಲ್ಲ ಮುಂದಿನ ಮಾತು. ಆಗ, ಆ ಬಂಡಿಯಲ್ಲಿ, ನಿಜದ ಒಂದು ವಾಕ್ಯ ಹೇಳುವಷ್ಟು ಹೊತ್ತು ನನಗಿತ್ತು. ಅಮೀರ್‌ಪೇಟ್ ಬರುತ್ತಿತ್ತು, ಇಳಿಯುವವರು ಏಳತೊಡಗಿದ್ದರು. ನಾವೂ ಅಲ್ಲೇ ಇಳಿದು ಮೂಸಾಪೇಟ್‌ನ ಬಂಡಿ ಹತ್ತಿದೆವು. ನಾನು ಜನರ ನಡುವೆ ಮೊಣಕೈ ತೂರಿಸಿ ಒಂದು ಸೀಟು ಹಿಡಿದೆ.

“ಬಾ ಅಣ್ಣಾ, ಕುಂದ್ರು,” ಅಂದೆ.

ಅವನು ಬಂದು ಕೂತ.